ಗುಂಡನ ಕಾಲು ಮುರಿದಿದೆ, ನನ್ನ ಕಣ್ಣು ಮಾತ್ರ ಅವನ ಹಿಕ್ಕೆಯ ಮೇಲೆ

ಎಲ್ಲರಿಗೂ ನಮಸ್ಕಾರ. ನಮ್ಮ ಮೊಲ ಗುಂಡ ಎಲ್ಲಿ, ವಿಡಿಯೋದಲ್ಲಿ ಯಾಕೆ ಕಾಣಿಸುತ್ತಿಲ್ಲ ಅಂತ ತುಂಬಾ ಜನ ಕೇಳುತ್ತಿದ್ದಿರಿ. ಇಗೋ, ಇಲ್ಲೇ ಇದ್ದಾನೆ. ಎಡ ಹಿಂಗಾಲಿಗೆ ನೀಲಿ ಬ್ಯಾಂಡೇಜು, ಮುಖದಲ್ಲಿ ಇಡೀ ಜಗತ್ತಿನ ಮೇಲೆ ಸಿಟ್ಟು. ಸೋಫಾದ ಸಂದಿನಲ್ಲಿ ಪಾದ ಸಿಕ್ಕಿಕೊಂಡಿತು. ಗಾಬರಿಯಲ್ಲಿ ಜೋರಾಗಿ ಒದ್ದ. ಪಾದದ ಮೂಳೆ ಮುರಿಯಿತು. ಅಷ್ಟೇ ಕಥೆ.

ಇಷ್ಟಕ್ಕೇ ಮುರಿಯುತ್ತಾ ಅಂತ ಅನಿಸಬಹುದು. ಮುರಿಯುತ್ತೆ. ಮೊಲದ ಮೈತೂಕದಲ್ಲಿ ಮೂಳೆಗಳ ಪಾಲು ಶೇಕಡಾ 7-8 ಮಾತ್ರ. ಬೆಕ್ಕಿಗೆ ಅದು 12-13 ಇರುತ್ತದೆ. ಆದರೆ ಹಿಂಗಾಲಿನ ಸ್ನಾಯುಗಳು ಮಾತ್ರ ಭಾರೀ ಗಟ್ಟಿ. ಅಂದರೆ ಮೊಲ ತನ್ನ ಒದೆತದಿಂದಲೇ ತನ್ನ ಮೂಳೆ ಮುರಿದುಕೊಳ್ಳಬಲ್ಲದು. ಅದೂ ಚಾಕ್‌ಪೀಸ್ ಮುರಿದಂತೆ, ಚೂರುಚೂರಾಗಿ. ಎಕ್ಸ್-ರೇ ನೋಡಿದಾಗ ಗುಂಡನ ಮೂಳೆಯ ತುಂಡುಗಳು ಹೆಚ್ಚು ಜರುಗಿರಲಿಲ್ಲ, ಚರ್ಮವೂ ಹರಿದಿರಲಿಲ್ಲ. ಹಾಗಾಗಿ ಡಾಕ್ಟರು ಸ್ಪ್ಲಿಂಟ್, ಅಂದರೆ ಕಾಲು ಅಲುಗದಂತೆ ಹಿಡಿಯುವ ಆಸರೆಪಟ್ಟಿ ಕಟ್ಟಿ ಕಳಿಸಿದರು. ಎಲ್ಲರಿಗೂ ಹೀಗೆ ಸುಲಭವಾಗಿ ಮುಗಿಯುವುದಿಲ್ಲ. ಎಷ್ಟೋ ಮೊಲಗಳಿಗೆ ಪಿನ್ ಹಾಕಿ ಆಪರೇಷನ್ ಮಾಡಬೇಕಾಗುತ್ತದೆ.

ಮನೆಗೆ ಬಂದವರೆಲ್ಲ ಕೇಳುವುದು ಕಾಲಿನ ವಿಚಾರ. ನಾನು ಬೆಳಗ್ಗೆ ಎದ್ದ ಕೂಡಲೇ ನೋಡುವುದು ಹಿಕ್ಕೆ. ನಗಬೇಡಿ! ಕಾಲನ್ನು ಅಲುಗಾಡದಂತೆ ಇಟ್ಟರೆ ಮೂಳೆ ತನ್ನ ಪಾಡಿಗೆ ತಾನು ಕೂಡಿಕೊಳ್ಳುತ್ತದೆ. ಮೊಲಕ್ಕೆ ನಿಜವಾದ ಅಪಾಯ ಇರುವುದು ಹೊಟ್ಟೆಯಲ್ಲಿ. ನೋವು, ಭಯ, ಹೊಸ ಜಾಗ, ಇವುಗಳಲ್ಲಿ ಯಾವುದೇ ಆದರೂ ಮೊಲ ತಿನ್ನುವುದನ್ನು ಬಿಟ್ಟುಬಿಡುತ್ತದೆ. ತಿನ್ನದಿದ್ದರೆ ಕರುಳು ನಿಧಾನವಾಗುತ್ತದೆ. ಗ್ಯಾಸ್ ತುಂಬುತ್ತದೆ, ಹೊಟ್ಟೆ ನೋಯುತ್ತದೆ, ಆಗ ಇನ್ನೂ ತಿನ್ನುವುದಿಲ್ಲ. ಹತ್ತು-ಹನ್ನೆರಡು ಗಂಟೆ ಏನೂ ತಿಂದಿಲ್ಲ, ಹಿಕ್ಕೆಯೂ ಹಾಕಿಲ್ಲ ಅಂದರೆ ನಾಳೆ ನೋಡೋಣ ಅನ್ನುವ ಮಾತೇ ಇಲ್ಲ, ಡಾಕ್ಟರ ಹತ್ತಿರ ಓಡಬೇಕು.

ಈ ಟ್ರೇ ನೋಡಿ. ದಪ್ಪಗೆ, ದುಂಡಗೆ, ಒಂದೇ ಗಾತ್ರದ ಹಿಕ್ಕೆ. ಇದು ಚೆನ್ನಾಗಿದೆ. ಮೊದಮೊದಲು ಸಣ್ಣಗೆ, ಒಣಕಲಾಗಿ, ಬೆರಳೆಣಿಕೆಯಷ್ಟು ಬರುತ್ತಿತ್ತು. ಆಗ ಡಾಕ್ಟರು ಹೇಳಿದ ಆಹಾರದ ಪುಡಿಯನ್ನು ನೀರಲ್ಲಿ ಕಲಸಿ ಸಿರಿಂಜ್‌ನಲ್ಲಿ ಕೊಡುತ್ತಿದ್ದೆ. ಮುಂದಿನ ಹಲ್ಲುಗಳ ಹಿಂದೆ, ಬದಿಯಲ್ಲಿ ಒಂದು ಖಾಲಿ ಜಾಗ ಇರುತ್ತದೆ. ಅಲ್ಲಿಂದ ಸ್ವಲ್ಪಸ್ವಲ್ಪವೇ ಕೊಟ್ಟು, ಅವನು ಅಗಿದು ನುಂಗುವವರೆಗೆ ಕಾಯಬೇಕು. ಅಂಗಾತ ಮಲಗಿಸಿ ಕುಡಿಸಬೇಡಿ, ಶ್ವಾಸಕೋಶಕ್ಕೆ ಹೋಗಬಹುದು. ಹೊಟ್ಟೆ ಉಬ್ಬಿ ಗಟ್ಟಿಯಾಗಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ, ಆಮೇಲೆ ಸಿರಿಂಜ್. ಈಗ ಆ ತಾಪತ್ರಯ ಇಲ್ಲ. ಒಣಹುಲ್ಲನ್ನು ಅವನ ಮೂಗಿನ ಮುಂದೆಯೇ ರಾಶಿ ಹಾಕಿದ್ದೇನೆ. ಎದ್ದು ಹೋಗುವ ಕಷ್ಟ ಇಲ್ಲದಿದ್ದರೆ ಜಾಸ್ತಿ ತಿನ್ನುತ್ತಾನೆ. ನೀರನ್ನೂ ಬಾಟಲಿ ಬದಲು ಅಗಲವಾದ ಬಟ್ಟಲಲ್ಲಿ ಇಟ್ಟಿದ್ದೇನೆ.

ಇನ್ನೊಂದು ವಿಷಯ, ಊಟ ಮಾಡುತ್ತಾ ವಿಡಿಯೋ ನೋಡುವವರು ಸ್ವಲ್ಪ ಮುಂದಕ್ಕೆ ಓಡಿಸಿಕೊಳ್ಳಿ. ಮೊಲಕ್ಕೆ ಎರಡು ಥರದ ಹಿಕ್ಕೆ. ಒಂದು ಈಗ ತೋರಿಸಿದ್ದು. ಇನ್ನೊಂದು ಮೆತ್ತಗೆ, ಒಂದಕ್ಕೊಂದು ಅಂಟಿಕೊಂಡು ಬರುತ್ತದೆ. ಅದನ್ನು ಮೊಲ ಬಗ್ಗಿ ನೇರವಾಗಿ ತಿಂದುಬಿಡುತ್ತದೆ. ಬಿ ವಿಟಮಿನ್ನು, ಪ್ರೋಟೀನು ಎಲ್ಲ ಅದರಲ್ಲೇ ಇರುತ್ತವೆ. ಕಾಲು ನೆಟ್ಟಗೆ ಕಟ್ಟಿರುವುದರಿಂದ ಗುಂಡನಿಗೆ ಬಗ್ಗಲು ಆಗುತ್ತಿಲ್ಲ. ಹಾಗಾಗಿ ನಾನೇ ಚಮಚದಲ್ಲಿ ತೆಗೆದು ಅವನ ಮುಂದೆ ಇಡುತ್ತೇನೆ. ಮರ್ಯಾದೆಯಿಂದ ತಿನ್ನುತ್ತಾನೆ. ಅದಕ್ಕೇ, ಬ್ಯಾಂಡೇಜು ಕಡಿಯದಂತೆ ಕುತ್ತಿಗೆಗೆ ಹಾಕುವ ಪ್ಲಾಸ್ಟಿಕ್ ಕಾಲರ್ ಬೇಡ ಅಂದೆವು. ಕಾಲರ್ ಇದ್ದರೆ ಈ ಹಿಕ್ಕೆಯನ್ನೂ ಹುಲ್ಲನ್ನೂ ತಿನ್ನುವುದು ಕಷ್ಟ. ಬ್ಯಾಂಡೇಜು ಕಡಿಯುತ್ತಾನಾ ಅಂತ ಕಣ್ಣಿಟ್ಟರೆ ಸಾಕು, ಸದ್ಯಕ್ಕಂತೂ ಅದರ ಗೊಡವೆಗೆ ಹೋಗಿಲ್ಲ.

ನೋವಿನ ಔಷಧಿ ಮೆಲೊಕ್ಸಿಕ್ಯಾಮ್, ತೂಕ ನೋಡಿ ಡಾಕ್ಟರು ಬರೆದುಕೊಟ್ಟಷ್ಟೇ. ಮನೆಯಲ್ಲಿರುವ ಮಾತ್ರೆ ಮುರಿದು ಕೊಡುವ ಅಭ್ಯಾಸ ಇದ್ದವರಿಗೆ ಒಂದು ಮಾತು: ಅಮಾಕ್ಸಿಸಿಲಿನ್‌ನಂಥ ಆಂಟಿಬಯಾಟಿಕ್ ಬಾಯಲ್ಲಿ ಕೊಟ್ಟರೆ ಮೊಲದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಮೊಲವೇ ಸಾಯಬಹುದು. ಮೂಳೆ ಬೇಗ ಕೂಡಲಿ ಅಂತ ಕ್ಯಾಲ್ಸಿಯಂ ಮಾತ್ರೆಯನ್ನೂ ಕೊಡಬೇಡಿ. ನಮ್ಮ ಹಾಗೆ ಬೇಕಾದಷ್ಟು ಮಾತ್ರ ಹೀರಿಕೊಳ್ಳುವ ದೇಹವಲ್ಲ ಅದು. ತಿಂದ ಕ್ಯಾಲ್ಸಿಯಂ ರಕ್ತಕ್ಕೆ ಸೇರಿ, ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ. ತೀರಾ ಜಾಸ್ತಿಯಾದರೆ ಮೂತ್ರಕೋಶದಲ್ಲಿ ಬಿಳಿ ಕೆಸರು ಕಟ್ಟಿಕೊಳ್ಳುತ್ತದೆ. ಮುರಿದ ಕಾಲಿನ ಜೊತೆ ಅದೊಂದು ಬೇರೆ ಬೇಕಾ?

ನೋವಿದೆಯಾ ಇಲ್ಲವಾ ಅಂತ ಮೊಲ ಬಾಯಿಬಿಟ್ಟು ಹೇಳುವುದಿಲ್ಲ. ಬೇಟೆಯಾಗುವ ಪ್ರಾಣಿ, ನೋವು ಬಚ್ಚಿಡುವುದು ಅದರ ಹುಟ್ಟುಗುಣ. ಬೆನ್ನು ಗೂನು ಮಾಡಿ, ಕಣ್ಣು ಅರ್ಧ ಮುಚ್ಚಿ, ಜೋರಾಗಿ ಹಲ್ಲು ಕಡಿಯುತ್ತಿದ್ದರೆ ನೋವು ಇದೆ ಅಂತ. ತಲೆ ಸವರುವಾಗ ಮೆಲ್ಲಗೆ ಹಲ್ಲು ತಿಕ್ಕಿದರೆ ಅದು ಖುಷಿ. ಕೇಳಿ, ಮೈಕ್ ಹತ್ತಿರ ಇಡುತ್ತೇನೆ. ಹಾಂ, ಇದು ಖುಷಿಯದ್ದು.

ಬ್ಯಾಂಡೇಜಿನ ತುದಿಯಲ್ಲಿ ಎರಡು ಬೆರಳು ಹೊರಗೆ ಕಾಣುತ್ತಿವೆ ಅಲ್ವಾ? ಬೆಳಗ್ಗೆ, ಸಂಜೆ ಅವನ್ನು ಮುಟ್ಟಿ ನೋಡುತ್ತೇನೆ. ಊದಿದ್ದರೆ, ತಣ್ಣಗಿದ್ದರೆ ಬ್ಯಾಂಡೇಜು ಬಿಗಿಯಾಗಿದೆ. ವಾಸನೆ ಬಂದರೆ, ಒದ್ದೆಯಾದರೆ ಅವತ್ತೇ ಬಿಚ್ಚಿ ಕಟ್ಟಿಸಬೇಕು. ಅವನು ಕೂತಿರುವ ಜಾಗ ಚಿಕ್ಕದು, ಮೇಲೆ ಹತ್ತಲು ಏನೂ ಇಲ್ಲ. ಪಾಪ, ಬೇಜಾರಾಗುತ್ತದೆ ಅಂತ ಒಂದು ಸುತ್ತು ಬಿಡುವ ಆಸೆ ನನಗೂ ಆಗುತ್ತದೆ, ಬಿಡುವುದಿಲ್ಲ. ಕೆಳಗೆ ದಪ್ಪ ಉಣ್ಣೆ ಬಟ್ಟೆ ಹಾಸಿದ್ದೇನೆ. ಮೊಲದ ಪಾದಕ್ಕೆ ಬೆಕ್ಕಿನ ಹಾಗೆ ಮೆತ್ತೆ ಇಲ್ಲ, ಬರೀ ಕೂದಲು. ಈಗ ಭಾರವೆಲ್ಲ ಬಲಗಾಲಿನ ಮೇಲೆ. ತಂತಿಯ ನೆಲವೋ ನುಣುಪು ಟೈಲ್ಸೋ ಆದರೆ ಸರಿ ಇದ್ದ ಕಾಲಿಗೂ ಹುಣ್ಣು. ಬಟ್ಟೆ ಒದ್ದೆಯಾದರೆ ತಕ್ಷಣ ಬದಲಿಸುತ್ತೇನೆ, ಗುಂಡ ಕೊಳೆಯಾದರೆ ಒದ್ದೆ ಬಟ್ಟೆಯಲ್ಲಿ ಆ ಜಾಗ ಮಾತ್ರ ಒರೆಸುತ್ತೇನೆ. ಮೊಲಕ್ಕೆ ಸ್ನಾನ ಇಲ್ಲ.

ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗಕ್ಕೆ ಆಸರೆ. ಮೈಗೆ ಒತ್ತಿ ಹಿಡಿಯಬೇಕು. ಗಾಳಿಯಲ್ಲಿ ಒದ್ದರೆ ಬೆನ್ನುಮೂಳೆಯೇ ಮುರಿಯಬಹುದು.

ಸಾಮಾನ್ಯವಾಗಿ ಮೂಳೆ ಕೂಡಲು 6ರಿಂದ 8 ವಾರ ಹಿಡಿಯುತ್ತದೆ, ಮರಿಗಳಿಗೆ ಇನ್ನೂ ಬೇಗ. ಮತ್ತೆ ಎಕ್ಸ್-ರೇ ಆಗಬೇಕು, ಆಮೇಲೆ ಸ್ಪ್ಲಿಂಟ್ ತೆಗೆಯುವ ಮಾತು. ತೆಗೆದ ಮೇಲೂ ಆ ಕಾಲು ಸಣಕಲಾಗಿ, ಬಿಗಿಯಾಗಿ ಇರುತ್ತದಂತೆ. ಮೊದಲು ಕಂಬಳಿಯ ಮೇಲೆ ಸ್ವಲ್ಪ ಹೊತ್ತು ನಡೆದಾಟ, ಜಿಗಿತ ಎಲ್ಲ ಆಮೇಲೆ. ಅಷ್ಟರಲ್ಲಿ ನಾನು ಸೋಫಾದ ಸಂದುಗಳನ್ನೆಲ್ಲ ರಟ್ಟು ತುಂಬಿ ಮುಚ್ಚಬೇಕು. ಅರ್ಧ ಆಗಿದೆ. ಉಳಿದ ಅರ್ಧ ಈ ಭಾನುವಾರ.