ಸೊಪ್ಪಿಗಿಂತ ಮೊದಲು ಒಂದು ತಂಬಿಗೆ ನೀರು

ಕೇಳುಗರಿಗೆ ನಮಸ್ಕಾರ.

ನನ್ನ ಎಡಗೈ ತೋರುಬೆರಳಿನ ಮೇಲೆ ಒಂದು ಬಿಳಿ ಗೆರೆ ಇದೆ. ಹತ್ತು ವರ್ಷದವನಿದ್ದಾಗ ಮುಂಡರಗಿ ಕಡೆಯ ಎರೆಹೊಲದಲ್ಲಿ ಸದೆ ತೆಗೆಯುತ್ತಿದ್ದೆ. ಕಳೆ ಕೀಳುವ ಸಣ್ಣ ಕುಡುಗೋಲು, ಕುರ್ಚಿಗೆ, ಕೈ ಜಾರಿತು. ರಕ್ತ ಕಂಡದ್ದೇ ತಡ, ಚಿಗವ್ವ ಬದುವಿನ ಮೇಲಿನ ಒಂದು ಹಿಡಿ ಸೊಪ್ಪು ಕಿತ್ತಳು. ಅಂಗೈಯಲ್ಲಿ ಹೊಸೆದು ರಸ ಹಿಂಡಿದಳು. ಚುರ್ ಅಂತು. ಮೇಲೆ ಅದೇ ಸೊಪ್ಪಿಟ್ಟು ಗಟ್ಟಿಯಾಗಿ ಅದುಮಿ ಹಿಡಿದಳು. ರಕ್ತ ನಿಂತಿತು.

ಮೂರನೇ ದಿನ ಬೆರಳು ಬದನೆಕಾಯಿಯಂತೆ ಊದಿತು. ಡಾಕ್ಟರು ಕೀವು ತೆಗೆದಾಗ ಜೊತೆಗೇ ಬಂದದ್ದು ಎಲೆಯ ನಾರು ಮತ್ತು ಜೋಳದ ಕಾಳಿಗಿಂತ ಸಣ್ಣದಾದ ಕರಿಮಣ್ಣಿನ ಹೆಂಟೆ.

ಆ ಸೊಪ್ಪನ್ನು ನೀವೂ ನೋಡಿರುತ್ತೀರಿ. ಗಬ್ಬು ಸಣ್ಣ ಸಾವಂತಿ. ಊರೂರಿಗೆ ಹೆಸರು ಬೇರೆ. ನೆಲಕ್ಕೆ ಹರಡಿಕೊಂಡಿರುತ್ತದೆ. ಎಲೆ ಒರಟು, ಅಂಚು ಗರಗಸದಂತೆ. ಉದ್ದನೆಯ ಒಂಟಿ ಕಡ್ಡಿಯ ತುದಿಗೆ ಹಳದಿ ನಡುವಿನ ಪುಟ್ಟ ಹೂವು. ಔಷಧಿ ಸಸ್ಯ ಅಂದರೆ ನಾವು ಕಪ್ಪತಗುಡ್ಡದ ಕಡೆ ಕೈ ತೋರಿಸುತ್ತೇವೆ. ಆದರೆ ಇದಕ್ಕೆ ಗುಡ್ಡ ಹತ್ತಬೇಕಿಲ್ಲ, ಹುಬ್ಬಳ್ಳಿಯ ರೈಲು ಹಳಿಯ ಪಕ್ಕದಲ್ಲೂ ಸಿಗುತ್ತದೆ. ತಮಾಷೆ ಅಂದರೆ ಇದು ನಮ್ಮ ನೆಲದ್ದೇ ಅಲ್ಲ, ಅಮೆರಿಕ ಖಂಡಗಳ ಬಿಸಿ ನಾಡಿನಿಂದ ಬಂದದ್ದು. ಇಲಿಗಳ ಮೇಲೆ ಪ್ರಯೋಗ ಮಾಡಿದವರು ಇದರ ರಸದಿಂದ ಗಾಯ ಬೇಗ ಮಾಯುವುದನ್ನು ಕಂಡಿದ್ದಾರೆ. ಆದರೆ ಪ್ರಯೋಗದ ಇಲಿಯ ಗಾಯಕ್ಕೆ ಸಗಣಿ, ಮಣ್ಣು ಮೆತ್ತಿರುವುದಿಲ್ಲ, ಅಲ್ವಾ? ಅಂದು ನನ್ನ ರಕ್ತ ನಿಂತದ್ದು ರಸದಿಂದಲೋ, ಚಿಗವ್ವ ಅದುಮಿ ಹಿಡಿದದ್ದರಿಂದಲೋ? ನನ್ನ ಓಟು ಅವಳ ಹೆಬ್ಬೆರಳಿಗೆ.

ಇನ್ನು ಅರಿಶಿನ. ಅರಿಶಿನದಿಂದ ಗಾಯ ಮಾಯಿಸುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಿದ್ದರು. ನಮ್ಮ ದೇಶದ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ ಹಳೆಯ ಬರಹಗಳನ್ನೆಲ್ಲ ತೆಗೆದು ಮುಂದಿಟ್ಟಿತು, 1997ರಲ್ಲಿ ಪೇಟೆಂಟ್ ರದ್ದಾಯಿತು. ಖುಷಿಯ ವಿಷಯವೇ. ಆದರೆ ಅಲ್ಲಿ ತೀರ್ಮಾನವಾದದ್ದು ಇದು ಮೊದಲೇ ಗೊತ್ತಿತ್ತೋ ಇಲ್ಲವೋ ಅನ್ನುವುದಷ್ಟೇ. ಒಗ್ಗರಣೆ ಡಬ್ಬಿಯ ಅರಿಶಿನ ಪುಡಿಯನ್ನು ಬಾಯಿಬಿಟ್ಟ ಗಾಯಕ್ಕೆ ತುಂಬಿ ಅಂತ ಯಾರೂ ಹೇಳಲಿಲ್ಲ. ಆ ಡಬ್ಬಿಗೆ ದಿನಕ್ಕೆ ಎಷ್ಟು ಸಲ ಒದ್ದೆ ಚಮಚ ಹೋಗುತ್ತದೆ, ನೆನಪಿಸಿಕೊಳ್ಳಿ. ಬಿಡಿ ಪುಡಿಗೆ ಬಣ್ಣ ಬೆರೆಸುವವರೂ ಇದ್ದಾರೆ. ಚಹಾಪುಡಿ, ಬೂದಿ, ಸುಣ್ಣ ಇವಂತೂ ಬೇಡವೇ ಬೇಡ.

ಪುಡಿ ಹಾಕಿದರೆ ಗಾಯ ಒಣಗುತ್ತದೆ, ಒಣಗಿದರೆ ವಾಸಿಯಾಯಿತು ಅಂತ ನಮ್ಮ ಲೆಕ್ಕ. ಅದು ತಪ್ಪು ಲೆಕ್ಕ. 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಮೇಲೆ ಪರೀಕ್ಷೆ ಮಾಡಿದರು. ಗಾಳಿಗೆ ಬಿಟ್ಟು ಹಕ್ಕಳೆ ಕಟ್ಟಿದ ಗಾಯಕ್ಕಿಂತ, ಮುಚ್ಚಿಟ್ಟು ಹಸಿಯಾಗಿದ್ದ ಗಾಯದ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಬಂತು. ಹೊಸ ಚರ್ಮದ ಕಣಗಳು ಅಂಚಿನಿಂದ ತೆವಳಿಕೊಂಡು ಬರಬೇಕು. ಹಸಿ ಇದ್ದರೆ ಸಲೀಸು. ಹಕ್ಕಳೆ ಇದ್ದರೆ ಅದರ ಕೆಳಗೆ ದಾರಿ ಕೊರೆಯಬೇಕು.

ಲೋಳೆಸರದ ಗುಣ ಇರುವುದು ಈ ತಂಪು ಹಸಿಯಲ್ಲೇ. ರೊಟ್ಟಿ ಹಂಚು ತಾಗಿ ಸುಟ್ಟಿತೇ? ಮೊದಲು ಇಪ್ಪತ್ತು ನಿಮಿಷ ನಲ್ಲಿಯ ನೀರು. ಆಮೇಲೆ ಬೇಕಾದರೆ ಲೋಳೆ. ಎಲೆ ಕೊಯ್ದಾಗ ಸೋರುವ ಹಳದಿ ಹಾಲು ಪೂರ್ತಿ ಇಳಿಯಲಿ, ಅದು ತುರಿಸುತ್ತದೆ. ಆಪರೇಷನ್ನಿನ ಆಳವಾದ ಗಾಯಕ್ಕೆ ಮಾತ್ರ ಲೋಳೆಸರ ಬೇಡ. 1991ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಂಥ ಗಾಯಗಳು ಇದನ್ನು ಹಚ್ಚಿದಾಗ ಮಾಯಲು ಸರಾಸರಿ 83 ದಿನ ತೆಗೆದುಕೊಂಡವು. ಇದನ್ನು ಹಚ್ಚದೆ ಮಾಮೂಲಿ ಚಿಕಿತ್ಸೆಯನ್ನಷ್ಟೇ ಪಡೆದವು 53 ದಿನಕ್ಕೇ ಮಾಯ್ದವು!

ಹೊಲದಲ್ಲಿ ಗಾಯವಾದರೆ ಕುಡಿಯುವ ನೀರಿನ ಕೊಡವನ್ನೇ ಬಗ್ಗಿಸಿ. ಮಣ್ಣು ಹೋಗುವ ತನಕ ತೊಳೆಯಿರಿ. ಮಣ್ಣಿನಲ್ಲಿ, ಸಗಣಿಯಲ್ಲಿ ಧನುರ್ವಾಯುವಿನ ರೋಗಾಣು ವರ್ಷಗಟ್ಟಲೆ ಸುಮ್ನೆ ಕೂತಿರುತ್ತದೆ. ಅದಕ್ಕೆ ಯಾವ ಸೊಪ್ಪೂ ಇಲ್ಲ, ಇಂಜೆಕ್ಷನ್ನೇ ಗತಿ.

ಸಕ್ಕರೆ ಕಾಯಿಲೆ ಇದ್ದವರಿಗೆ ಒಂದು ಮಾತು. ಪಾದ ಜೋಮು ಹಿಡಿದಿದ್ದರೆ ಜೋಳದ ಕೂಳೆ ಚುಚ್ಚಿದ್ದೂ ಗೊತ್ತಾಗುವುದಿಲ್ಲ. ರಾತ್ರಿ ಮಲಗುವ ಮುಂಚೆ ಅಂಗಾಲು ನೋಡಿಕೊಳ್ಳಿ. ಬಗ್ಗಲು ಆಗದಿದ್ದರೆ ಕನ್ನಡಿಯನ್ನು ನೆಲದ ಮೇಲಿಟ್ಟು ನೋಡಿ. ಸಣ್ಣ ಗಾಯ ಕಂಡರೂ ಬೆಳಿಗ್ಗೆಯೇ ದವಾಖಾನೆಗೆ ಹೋಗಿ.

ನಮಸ್ಕಾರ.