ದೇವರ ಭೂಮಿಯ ಒಕ್ಕಲು

ಕೇಳುಗರಿಗೆ ನಮಸ್ಕಾರ.

ಕರಾವಳಿಯ ಹಿರಿಯರಿಗೆ ಮೂಲಗೇಣಿ, ಚಾಲಗೇಣಿ ಎಂಬ ಮಾತುಗಳು ಇನ್ನೂ ನೆನಪಿರುತ್ತವೆ. ಮೂಲಗೇಣಿಯ ಒಕ್ಕಲಿಗೆ ಭೂಮಿಯ ಮೇಲೆ ತಲೆಮಾರುಗಳ ಹಕ್ಕಿತ್ತು. ಚಾಲಗೇಣಿಯವನು ಮಾತ್ರ ಧಣಿ ಏಳೆಂದರೆ ಏಳಬೇಕಾಗಿತ್ತು. ಬೈಬಲಿನ ಯಾಜಕಕಾಂಡದ 25ನೆಯ ಅಧ್ಯಾಯವನ್ನು ಓದುವಾಗಲೆಲ್ಲ ನನಗೆ ಈ ಚಾಲಗೇಣಿ ನೆನಪಾಗುತ್ತದೆ. ಭೂಮಿಯನ್ನು ಶಾಶ್ವತವಾಗಿ ಮಾರಕೂಡದು, ಅದು ನನ್ನದು, ನೀವು ನನ್ನ ಬಳಿ ಇಳಿದುಕೊಂಡಿರುವ ಪರದೇಶಿಗಳು ಎಂದು ದೇವರು ಅಲ್ಲಿ ಇಸ್ರಾಯೇಲ್ಯರಿಗೆ ತಿಳಿಸುತ್ತಾನೆ. 1974ರ ಭೂಸುಧಾರಣೆಯ ಕಾಲದಲ್ಲಿ ನಮ್ಮ ಒಕ್ಕಲುಗಳು ಡಿಕ್ಲರೇಶನ್ ಎಂಬ ಹಕ್ಕಿನ ಅರ್ಜಿ ಹಾಕಿ ತಾವು ಉಳುತ್ತಿದ್ದ ನೆಲಕ್ಕೆ ಒಡೆಯರಾದರು, ಅದು ನ್ಯಾಯವೇ ಆಗಿತ್ತು. ಆದರೆ ಈ ಧಣಿಯ ಭೂಮಿಗೆ ಡಿಕ್ಲರೇಶನ್ ಹಾಕಲು ಬರುವುದಿಲ್ಲ.

ಕ್ರೈಸ್ತರಾದ ನಾವು ಹಾಕಿದೆವು ಎಂಬುದೇ ನಮ್ಮ ಮೇಲಿನ ಆರೋಪ. ಅಮೆರಿಕದ ಇತಿಹಾಸಕಾರ ಲಿನ್ ವೈಟ್ 1967ರಲ್ಲಿ ಬರೆದ ಒಂದು ಲೇಖನದಲ್ಲಿ, ಪ್ರಕೃತಿಗೆ ಒದಗಿದ ಸಂಕಟದ ಹೊಣೆಯಲ್ಲಿ ದೊಡ್ಡ ಪಾಲನ್ನು ಪಾಶ್ಚಾತ್ಯ ಕ್ರೈಸ್ತಧರ್ಮದ ಮೇಲೆ ಹೊರಿಸಿದರು. ಆದಿಕಾಂಡದ ಮೊದಲ ಅಧ್ಯಾಯವು ಮನುಷ್ಯನಿಗೆ ಜೀವಿಗಳ ಮೇಲೆ ದೊರೆತನವನ್ನು ಕೊಡುವುದು ನಿಜ. ಎರಡನೆಯ ಅಧ್ಯಾಯದ 15ನೆಯ ವಚನವನ್ನು ಅದರ ಜೊತೆಗಿಟ್ಟು ಓದದಿದ್ದುದು ನಮ್ಮ ತಪ್ಪು. ದೇವರು ಮನುಷ್ಯನನ್ನು ಏದೆನ್ ತೋಟದಲ್ಲಿ ಇರಿಸಿದ್ದು ವ್ಯವಸಾಯ ಮಾಡುವುದಕ್ಕೂ ಕಾಯುವುದಕ್ಕೂ. ಅಲ್ಲಿ ವ್ಯವಸಾಯಕ್ಕೆ ಬಳಸಿರುವ ಹೀಬ್ರೂ ಕ್ರಿಯಾಪದಕ್ಕೆ ಸೇವೆ ಮಾಡುವುದು ಎಂಬ ಅರ್ಥವೂ ಇದೆ. ದೇವರ ಆರಾಧನೆಗೂ ಅದೇ ಪದ. ಅದೇ ವೈಟ್, ಪರಿಸರಕ್ಕೊಬ್ಬ ಪಾಲಕ ಸಂತ ಬೇಕಾದರೆ ಅಸಿಸಿಯ ಫ್ರಾನ್ಸಿಸ್ ಇದ್ದಾರಲ್ಲ ಎಂದಿದ್ದರು. 1979ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಹಾಗೆಯೇ ಘೋಷಿಸಿದರು.

ನಮ್ಮ ಊರಿನ ಲೆಕ್ಕವನ್ನೂ ಮರೆಮಾಚಬಾರದು. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದು ಅನೇಕರಿಗೆ ಕೆಲಸ ಕೊಟ್ಟಿತು, ಮುಳಿಹುಲ್ಲಿನ ಮಾಡಿನ ಬೆಂಕಿಯ ಭಯವನ್ನು ಎಷ್ಟೋ ಮನೆಗಳಿಂದ ದೂರ ಮಾಡಿತು. ಆ ಉದ್ಯಮ ಬೆಳೆದಂತೆ ಹೊಳೆಬದಿಯ ಜೇಡಿಮಣ್ಣು ಹಂಚಾಯಿತು, ಅದನ್ನು ಸುಡಲು ಕಾಡಿನ ಸೌದೆ ಬೂದಿಯಾಯಿತು.

ಈಗ ಜೂನ್ ಬಂತೆಂದರೆ ಚರ್ಚಿನ ಅಂಗಳದಲ್ಲಿ ಸಸಿ ನೆಡುತ್ತೇವೆ, ಫೋಟೋ ತೆಗೆಸಿಕೊಳ್ಳುತ್ತೇವೆ. ಮಾರ್ಚಿಯ ಬಿಸಿಲಿನಲ್ಲಿ ಆ ಸಸಿಗೆ ನೀರು ಹೊರುವವರು ಯಾರೆಂದು ಸಭೆಯಲ್ಲಿ ಯಾರೂ ಕೇಳುವುದಿಲ್ಲ. ಕಾಯುವುದು ಎಂಬ ಪದದ ಕೆಲಸವೆಲ್ಲ ಇರುವುದು ಆ ಮಾರ್ಚಿಯಲ್ಲಿಯೇ.

ಯಾಜಕಕಾಂಡದ ಆ ಅಧ್ಯಾಯದಲ್ಲಿ ಇನ್ನೊಂದು ಕರಾರಿದೆ. ಆರು ವರ್ಷ ಬಿತ್ತಿದ ಹೊಲವನ್ನು ಏಳನೆಯ ವರ್ಷ ಬೀಳುಬಿಡಬೇಕು. ತಾನಾಗಿ ಬೆಳೆದದ್ದು ಆಳುಗಳಿಗೂ ಪರದೇಶಿಗೂ ದನಕರುಗಳಿಗೂ ಕಾಡುಮೃಗಗಳಿಗೂ ಆಹಾರವಾಗಬೇಕು. ಇಸ್ರಾಯೇಲ್ಯರು ಈ ಕರಾರನ್ನು ಪಾಲಿಸಲಿಲ್ಲ. ಜೆರುಸಲೇಮ್ ಸುಟ್ಟುಹೋಗಿ ಜನರು ಬಾಬಿಲೋನಿಗೆ ಸೆರೆಹೋದ ಸಂಗತಿಯನ್ನು ಬರೆಯುವ ಪೂರ್ವಕಾಲವೃತ್ತಾಂತದ ಲೇಖಕನು, ಭೂಮಿಗೆ ಸಲ್ಲಬೇಕಾಗಿದ್ದ ಸಬ್ಬತ್ ಎಂಬ ವಿಶ್ರಾಂತಿವರ್ಷಗಳ ಬಾಕಿ ತೀರುವ ತನಕ, ಅಂದರೆ 70 ವರ್ಷ, ಆ ಭೂಮಿ ಪಾಳುಬಿದ್ದು ವಿಶ್ರಮಿಸಿತು ಎಂದು ಲೆಕ್ಕ ಕೊಡುತ್ತಾನೆ. ಗೇಣಿ ಸಲ್ಲಿತು, ಒಕ್ಕಲು ಮಾತ್ರ ಅಲ್ಲಿರಲಿಲ್ಲ.