ಕಾವಲಿ ಹೊತ್ತುಕೊಂಡು ಉಡುಪಿಗೆ ಹೋದೆವು

ಹೌದು, ಅದು ಕಾವಲಿಯೇ. ದೋಸೆ ಕಾವಲಿ. ಹಳೇ ಟವೆಲಿನಲ್ಲಿ ಸುತ್ತಿ ಬಟ್ಟೆ ಬ್ಯಾಗಿನೊಳಗೆ ಇಡುತ್ತಿದ್ದೇನೆ. ಬೆಳಿಗ್ಗೆ ಐದು ಗಂಟೆ. ಕ್ಯಾಮೆರಾ ಹಿಡಿದಿರುವುದು ನಮ್ಮ ಯಜಮಾನರು, ಹಿಂದಿನಿಂದ ಕೇಳುತ್ತಿರುವ ನಗುವೂ ಅವರದ್ದೇ. ನಗಲಿ ಬಿಡಿ. ಬೇರೆಯವರು ಬೀಚಿಗೆ ಹೋಗುವಾಗ ಟೋಪಿ, ಕನ್ನಡಕ ತಗೊಂಡು ಹೋಗುತ್ತಾರೆ. ನಾನು ಎರಡು ಕಿಲೋ ಕಬ್ಬಿಣ ತಗೊಂಡು ಹೋಗುತ್ತೇನೆ.

ಹೊಸದಾಗಿ ನೋಡುತ್ತಿರುವವರಿಗೆ ಒಂದೇ ನಿಮಿಷ, ಹಳಬರು ಸಹಿಸಿಕೊಳ್ಳಿ. ನನಗೆ ಸೀಲಿಯಾಕ್ ಕಾಯಿಲೆ ಇದೆ. ಗೋಧಿ, ಬಾರ್ಲಿ, ರೈ ಇವುಗಳಲ್ಲಿ ಗ್ಲುಟನ್ ಇರುತ್ತದಲ್ಲ, ಅದು ಹೊಟ್ಟೆಗೆ ಹೋದರೆ ನನ್ನ ದೇಹ ನನ್ನ ಸಣ್ಣ ಕರುಳಿನ ಮೇಲೆಯೇ ಜಗಳಕ್ಕೆ ಬೀಳುತ್ತದೆ. ಕರುಳಿನ ಒಳಮೈಯಲ್ಲಿ ಟವೆಲಿನ ದಾರದ ಹಾಗೆ ಸಣ್ಣ ಸಣ್ಣ ಕುಚ್ಚುಗಳಿರುತ್ತವೆ, ಊಟದ ಸತ್ವ ಹೀರುವುದು ಅವೇ. ಅವೆಲ್ಲ ಸವೆದುಹೋಗುತ್ತವೆ. ಈ ಬ್ಯಾಗಿನಲ್ಲಿರುವ ಹಳೇ ಟವೆಲಿನ ಹಾಗೆ. ನಾಲ್ಕು ವರ್ಷ "ರಕ್ತ ಕಡಿಮೆ" ಅಂತ ಕಬ್ಬಿಣದ ಮಾತ್ರೆ ನುಂಗಿದ್ದೇ ನುಂಗಿದ್ದು. ರಕ್ತ ಏರಲೇ ಇಲ್ಲ. ಕೊನೆಗೆ ಒಬ್ಬರು ಟಿಟಿಜಿ ಅಂತ ರಕ್ತಪರೀಕ್ಷೆ ಬರೆದುಕೊಟ್ಟರು, ಆಮೇಲೆ ಎಂಡೋಸ್ಕೋಪಿ ಆಯಿತು. ಗೊತ್ತಾಯಿತು. ಗೋಧಿ ತಿನ್ನುವ ಉತ್ತರದ ಕಡೆ ಇದು ಜಾಸ್ತಿ, ನಮ್ಮ ಕಡೆ ಕಡಿಮೆ, ಅದಕ್ಕೇ ಯಾರ ತಲೆಗೂ ಹೊಳೆದಿರಲಿಲ್ಲ. ಮಾತ್ರೆ ಇಲ್ಲ, ಇಂಜೆಕ್ಷನ್ ಇಲ್ಲ. ತಿನ್ನಬಾರದು, ಅಷ್ಟೇ ಔಷಧ. ಜೀವನಪೂರ್ತಿ. ಚಪಾತಿ ಬೇಯಿಸಿದ ಕಾವಲಿಯಲ್ಲಿ ಹುಯ್ದ ದೋಸೆಯೂ ಆಗಲ್ಲ, ಅದಕ್ಕೇ ಈ ಕಾವಲಿ.

ಸರಿ, ಕಾರು ಹೊರಟಿತು.

ಇದು ಹಾಸನ ದಾಟಿದ ಮೇಲೆ. ಇವರ ತಟ್ಟೆಯಲ್ಲಿ ರವೆ ಇಡ್ಲಿ, ನನ್ನ ಡಬ್ಬಿಯಲ್ಲಿ ಮೊಸರವಲಕ್ಕಿ. ನನಗೇನೂ ಹೊಟ್ಟೆಕಿಚ್ಚಿಲ್ಲ. ಇದೆ. ಆ ಗೋಡಂಬಿ ನೋಡಿ ಹೇಗೆ ಕೂತಿದೆ. ರವೆ ಇಡ್ಲಿ ಹುಟ್ಟಿದ ಕಥೆ ಗೊತ್ತಲ್ವಾ? ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಹೋಗಿ ರವೆಯಲ್ಲಿ ಇಡ್ಲಿ ಮಾಡಿದೆವು ಅಂತ ಎಂಟಿಆರ್‌ನವರು ಹೇಳುತ್ತಾರೆ. ತಮಾಷೆ ಏನು ಗೊತ್ತಾ? ಅದೇ ಯುದ್ಧದಲ್ಲಿ ನೆದರ್‌ಲ್ಯಾಂಡ್ಸಿನಲ್ಲಿ ಗೋಧಿ ಸಿಗಲಿಲ್ಲ. 1944-45ರ ಚಳಿಗಾಲ, ಜನ ಟುಲಿಪ್ ಹೂವಿನ ಗೆಡ್ಡೆ ಬೇಯಿಸಿ ತಿಂದರಂತೆ. ಊರೆಲ್ಲ ಹಸಿವು, ಆದರೆ ಸೀಲಿಯಾಕ್ ಇದ್ದ ಮಕ್ಕಳು ಮಾತ್ರ ಸುಧಾರಿಸಿಕೊಂಡರು. ಬ್ರೆಡ್ ವಾಪಸ್ ಬಂದ ಮೇಲೆ ಮತ್ತೆ ಹಾಸಿಗೆ ಹಿಡಿದರು. ವಿಲೆಮ್ ಡಿಕೆ ಅನ್ನುವ ಮಕ್ಕಳ ಡಾಕ್ಟರಿಗೆ ಗೋಧಿಯ ಮೇಲೆ ಮೊದಲೇ ಅನುಮಾನವಿತ್ತು, ಇದನ್ನು ನೋಡಿ ಗಟ್ಟಿಯಾಯಿತು. 1950ರಲ್ಲಿ ಅದನ್ನೇ ಪ್ರಬಂಧ ಮಾಡಿ ಬರೆದರು. ಅಂದರೆ ಒಂದೇ ಯುದ್ಧದಲ್ಲಿ ಅಲ್ಲಿ ನನ್ನ ಕಾಯಿಲೆಯ ಗುಟ್ಟು ಸಿಕ್ಕಿತು, ಇಲ್ಲಿ ನಾನು ತಿನ್ನಲಾಗದ ಇಡ್ಲಿ ಹುಟ್ಟಿತು. ಅಯ್ಯೋ, ಶಿರಾಡಿ ಘಾಟ್ ಬಂದೇಬಿಟ್ಟಿತು. ನೋಡಿ, ಹಸಿರು ನೋಡಿ.

ಉಡುಪಿ. ಮಧ್ಯಾಹ್ನ ಎರಡೂಕಾಲು. ಡಿಸೆಂಬರ್ ರಜೆ, ಕಾಲಿಡಲು ಜಾಗವಿಲ್ಲ.

ನಾನು ಕರಾವಳಿಯನ್ನೇ ಯಾಕೆ ಆರಿಸಿಕೊಂಡೆ ಅಂದರೆ, ಎಲ್ಲರೂ ಒಂದೇ ಮಾತು ಹೇಳಿದ್ದರು. "ಅಲ್ಲಿ ಎಲ್ಲಾ ಅಕ್ಕಿ ಕಣೇ, ನಿನಗೆ ಸ್ವರ್ಗ." ಸುಳ್ಳೂ ಅಲ್ಲ. ನೀರ್ ದೋಸೆ, ಪುಂಡಿ, ಮೂಡೆ, ಕೊಟ್ಟೆ ಕಡುಬು, ಒತ್ತು ಶ್ಯಾವಿಗೆ, ಕುಚ್ಚಲಕ್ಕಿ ಗಂಜಿ. ಎಲ್ಲಾ ಅಕ್ಕಿ. ಆದರೆ ಬನ್ಸ್ ಮೈದಾ. ಗೋಳಿಬಜೆ ಮೈದಾ. ಸಜ್ಜಿಗೆ ರವೆ. ಮೀನು ಫ್ರೈ ಕೇಳಿದರೆ ಅದಕ್ಕೂ ರವೆ. ಸ್ವರ್ಗದಲ್ಲೂ ಬಾಗಿಲು ನೋಡಿಕೊಂಡು ಒಳಗೆ ಹೋಗಬೇಕು.

ಇನ್ನೊಂದು ತಾಪತ್ರಯ ನಮ್ಮ ಭಾಷೆಯದ್ದೇ. ಒಂದೇ ಕಾಳು, ಹೆಸರು ನೂರು. ಹಿಟ್ಟಾದರೆ ಗೋಧಿ, ನಯವಾದರೆ ಮೈದಾ, ಒಡೆದರೆ ರವೆ, ಇನ್ನೂ ಸಣ್ಣಗಾದರೆ ಚಿರೋಟಿ, ಉದ್ದವಾದರೆ ಶ್ಯಾವಿಗೆ. "ಇದರಲ್ಲಿ ಗೋಧಿ ಇದೆಯಾ?" ಅಂತ ಕೇಳಿದರೆ, "ಇಲ್ಲ ಇಲ್ಲ, ಬರೀ ಮೈದಾ" ಅಂತಾರೆ. ಪಾಪ, ಅವರು ಸುಳ್ಳು ಹೇಳುತ್ತಿಲ್ಲ. ಉಲ್ಟಾ ಕೇಸೂ ಇದೆ. ಇಡ್ಲಿ ರವೆ ಅಂದರೆ ಅಕ್ಕಿಯದ್ದು, ಆದರೂ ಹೆಸರು ಕೇಳಿದ ಕೂಡಲೇ ನನ್ನ ಎದೆ ಧಸಕ್ ಅನ್ನುತ್ತದೆ. ಅದಕ್ಕೇ ಈ ಚೀಟಿ. ಸ್ವಲ್ಪ ಹತ್ತಿರ ತೋರಿಸಿ. "ನನಗೆ ಗೋಧಿ, ಮೈದಾ, ರವೆ, ಶ್ಯಾವಿಗೆ, ಬಾರ್ಲಿ ಆಗುವುದಿಲ್ಲ. ಒಂದು ಚಿಟಿಕೆಯೂ ಆಗುವುದಿಲ್ಲ." ಕೈಬರಹ ನನ್ನದೇ, ಕ್ಷಮಿಸಿ.

ಈಗ ಊಟದ ಶಾಟ್. ಇದನ್ನು ವಿವರವಾಗಿ ಹೇಳಬೇಕು. ಹೋಟೆಲಿನ ಹೆಸರು ಹೇಳಲ್ಲ, ಬೋರ್ಡನ್ನೂ ಮಸುಕು ಮಾಡಿದ್ದೇನೆ, ಕಮೆಂಟಿನಲ್ಲಿ ಕೇಳಬೇಡಿ. ಅವರ ತಪ್ಪು ಅಂತ ಹೇಳಲೂ ಮನಸ್ಸು ಬರಲ್ಲ.

ಬಾಳೆಲೆ ಊಟ. ಬಡಿಸುವ ಹುಡುಗನಿಗೆ ಚೀಟಿ ಕೊಟ್ಟೆ. ಓದಿದ. ಒಳಗೆ ಹೋಗಿ ಕೇಳಿಕೊಂಡು ಬಂದ. "ಚಪಾತಿ ಹಾಕಲ್ಲ ಅಕ್ಕ, ಬೇರೆ ಎಲ್ಲಾ ಓಕೆ." ನಾನು ಅಷ್ಟಕ್ಕೇ ಬಿಡುವವಳಲ್ಲ. ಪಾಯಸ ಶ್ಯಾವಿಗೆಯದ್ದು, ಬೇಡ ಅಂದೆ. ಹಪ್ಪಳ ಅಕ್ಕಿಯದ್ದೇ, ಆದರೆ ಗೋಳಿಬಜೆ ಕರಿದ ಎಣ್ಣೆಯಲ್ಲೇ ಕರಿದಿದ್ದು, ಅದೂ ಬೇಡ. ಇವರು ಚಪಾತಿ ಮುರಿದ ಕೈಯಲ್ಲಿ ನನ್ನ ಎಲೆಯ ಉಪ್ಪಿಗೆ ಕೈ ಹಾಕಿದರು, ಕೈಗೆ ಒಂದು ಕೊಟ್ಟೆ. ವಿಡಿಯೋದಲ್ಲಿ ಸದ್ದೂ ಕೇಳಿಸುತ್ತದೆ. ಅನ್ನ, ಮಟ್ಟುಗುಳ್ಳದ ಹುಳಿ, ಬೀನ್ಸ್ ಪಲ್ಯ, ಮತ್ತೆ ಸಾರು.

ಆ ಸಾರು! ಉಡುಪಿ ಸಾರು ಅಂದರೆ ಸುಮ್ನೆ ಅಲ್ಲ. ಎಲೆಗೆ ಬೀಳುವ ಮುಂಚೆಯೇ ಘಮ ಬರುತ್ತದೆ. ಅನ್ನದ ಗುಡ್ಡೆಯ ಮಧ್ಯೆ ಗುಂಡಿ ಮಾಡಿ ಹಾಕಿಸಿಕೊಂಡೆ, ಕಟ್ಟೆ ಒಡೆದು ಎಲೆಯಂಚಿಗೆ ಓಡಿತು, ಬೆರಳಲ್ಲಿ ಅಡ್ಡಗಟ್ಟಿದೆ. ಎರಡನೇ ಸಲ ಹಾಕಿಸಿಕೊಂಡೆ. ಮೂರನೇ ಸಲ ಲೋಟಕ್ಕೆ ಹಾಕಿಸಿಕೊಂಡು ಕುಡಿದೆ. ಆ ಹುಡುಗನಿಗೆ ಖುಷಿಯೋ ಖುಷಿ. ಇಲ್ಲಿ ನನ್ನ ಮುಖ ನೋಡಿ. ಗೆದ್ದವಳ ಮುಖ.

ಕೈ ತೊಳೆಯಲು ಹೋದೆ. ಬೇಸಿನ್ ಪಕ್ಕದಲ್ಲೇ ಅಡುಗೆಮನೆಯ ಬಾಗಿಲು. ಬಾಗಿಲ ಪಕ್ಕದ ಕಟ್ಟೆಯ ಮೇಲೆ ಹಳದಿ ಡಬ್ಬಿ. ಇಂಗು. ಕೈ ಒದ್ದೆಯಾಗಿತ್ತು, ಹಾಗೇ ತಿರುಗಿಸಿ ಓದಿದೆ. ಗೋಧಿ ಹಿಟ್ಟು, ಅಂಟು, ಇಂಗು. ಈ ಕ್ರಮದಲ್ಲೇ. ಪೊಟ್ಟಣದ ಮೇಲೆ ಯಾವುದು ಜಾಸ್ತಿ ಇದೆಯೋ ಅದನ್ನೇ ಮೊದಲು ಬರೆಯಬೇಕು ಅಂತ ನಿಯಮ. ಇಂಗಿನ ಡಬ್ಬಿಯಲ್ಲಿ ಇಂಗಿಗೆ ಮೂರನೇ ಸ್ಥಾನ!

ನನಗೆ ಇದು ಗೊತ್ತಿರಲಿಲ್ಲವಾ? ಗೊತ್ತಿತ್ತು! ಮನೆಯಲ್ಲಿ ಅಕ್ಕಿ ಹಿಟ್ಟಿನ ಇಂಗನ್ನೇ ತರಿಸುವುದು. ಇಂಗು ಅಂದರೆ ಅಫ್ಘಾನಿಸ್ತಾನ, ಇರಾನ್ ಕಡೆ ಬೆಳೆಯುವ ಗಿಡದ ಬೇರಿನ ಹಾಲು. ಅದು ಹಾಗೇ ಹಾಕಿದರೆ ತೀರಾ ಘಾಟು, ಅದಕ್ಕೆ ಇಲ್ಲಿ ಹಿಟ್ಟು, ಅಂಟು ಬೆರೆಸಿ ಮಾರುತ್ತಾರೆ. ಹಿಟ್ಟು ಅಂದರೆ ಮುಕ್ಕಾಲು ಪಾಲು ಕಡೆ ಗೋಧಿ ಇಲ್ಲಾ ಮೈದಾ. ಇಷ್ಟೆಲ್ಲ ಗೊತ್ತಿದ್ದು ಚೀಟಿಯಲ್ಲಿ ಇಂಗು ಅಂತ ಬರೆದಿರಲಿಲ್ಲ. ಈರುಳ್ಳಿ ಬೆಳ್ಳುಳ್ಳಿ ಹಾಕದ ಊರಿನ ಅಡುಗೆ ನಿಂತಿರುವುದೇ ಇಂಗಿನ ಮೇಲೆ ಅಂತ ಹೊಳೆಯಲೂ ಇಲ್ಲ. ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತೆ ಅಂತಾರೆ. ಮಾಡಿದ್ದು ಮಂಗ ಅಲ್ಲ, ತಿಂದದ್ದು ಮಂಗ.

ಬಾಯಿ ಮುಕ್ಕಳಿಸಿದೆ, ಏನು ಪ್ರಯೋಜನ? "ಚಿಟಿಕೆ ಇಂಗು ಅಷ್ಟೇ ತಾನೇ" ಅಂದರು ಇವರು. ನಮ್ಮ ದೇಶದಲ್ಲಿ ಪೊಟ್ಟಣದ ಮೇಲೆ ಗ್ಲುಟನ್ ಫ್ರೀ ಅಂತ ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂಗಿಂತ ಜಾಸ್ತಿ ಗ್ಲುಟನ್ ಇರಬಾರದು. ಮಿಲಿಗ್ರಾಂ! ನಾನು ಮೂರು ಸಲ ಹಾಕಿಸಿಕೊಂಡಿದ್ದೆ.

ಆ ಹುಡುಗನಿಗೆ ಹೇಳಲಿಲ್ಲ. ಅಷ್ಟು ಪ್ರೀತಿಯಿಂದ ಬಡಿಸಿದ್ದ. ಹೇಳಬೇಕಿತ್ತು ಅಂತ ಈಗ ಅನ್ನಿಸುತ್ತಿದೆ, ನನ್ನ ಹಿಂದೆ ಇನ್ನೊಬ್ಬರು ಬರಬಹುದಲ್ವಾ. ಆಗ ಮಾತ್ರ ಯಾರ ಹತ್ತಿರವೂ ಮಾತು ಬೇಡವಾಗಿತ್ತು.

ರಾತ್ರಿಯ ದೃಶ್ಯ ಇಲ್ಲ. ಎಂಟು ಗಂಟೆಗೆ ಶುರುವಾಯಿತು, ಬೆಳಗಿನ ಜಾವದವರೆಗೂ ಬಚ್ಚಲಮನೆಯ ಹೆಂಚು ಎಣಿಸಿದೆ. ನೂರಾ ಹನ್ನೆರಡು. ಒಂದು ಒಡೆದಿದೆ.

ಎರಡನೇ ದಿನ. ಇದು ಹೋಂಸ್ಟೇ ಕಿಟಕಿ. ಇದು ಅದೇ ಕಿಟಕಿ, ಮಧ್ಯಾಹ್ನ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಬೇಕಾಗಿದ್ದ ದಿನ. ದೋಣಿ ಹೋಯಿತು, ನಾನು ಹೋಗಲಿಲ್ಲ. ಆವತ್ತು ನಿರ್ಧಾರ ಮಾಡಿಬಿಟ್ಟೆ: ಇನ್ನು ಪ್ರವಾಸವೇ ಬೇಡ. ಹೋಟೆಲ್ ಊಟ ಜನ್ಮದಲ್ಲಿ ಬೇಡ.

ಸಂಜೆ ಏಳಕ್ಕೆ ಹಸಿವಾಯಿತು.

ಇದು ಮೀನೂಟದ ಹೋಟೆಲು. ಈಗ ನಾನು ಹೇಳುವುದಕ್ಕೆ ಮನೆಯಲ್ಲಿ ಬೈಗುಳ ಗ್ಯಾರಂಟಿ: ಸೀಲಿಯಾಕ್ ಇರುವವರಿಗೆ ಕರಾವಳಿಯಲ್ಲಿ ಶುದ್ಧ ಸಸ್ಯಾಹಾರಿ ಹೋಟೆಲಿಗಿಂತ ಮೀನಿನ ಹೋಟೆಲೇ ವಾಸಿ. ಗಸಿಯಲ್ಲಿ ತೆಂಗಿನಕಾಯಿ, ಬ್ಯಾಡಗಿ ಮೆಣಸು, ಕೊತ್ತಂಬರಿ, ಹುಣಸೆ, ಬೆಳ್ಳುಳ್ಳಿ. ಇಂಗಿನ ಕೆಲಸವನ್ನು ಬೆಳ್ಳುಳ್ಳಿಯೇ ಮಾಡುತ್ತದೆ. ಆದರೂ ಇಂಗು ಅಂತ ಬಾಯಿಬಿಟ್ಟು ಕೇಳಿದೆ. "ಮೀನಿಗೆ ಇಂಗಾ?" ಅಂತ ಅಡುಗೆಯವರು ನನ್ನನ್ನೇ ಒಂಥರಾ ನೋಡಿದರು. ಕೋರಿ ರೊಟ್ಟಿ ಹೇಳಿದೆ. ರೊಟ್ಟಿಯ ಪೊಟ್ಟಣ ತರಿಸಿ ಓದಿದೆ, ಅಕ್ಕಿ ಮತ್ತು ಉಪ್ಪು. ಗರಿಗರಿ ರೊಟ್ಟಿ ಮುರಿದು ಹರಡಿ ಮೇಲೆ ಕೋಳಿ ಸಾರು ಸುರಿಯಬೇಕು, ತುದಿ ಮೆತ್ತಗಾಗಬೇಕು, ಮಧ್ಯೆ ಇನ್ನೂ ಕರುಂ ಅನ್ನಬೇಕು. ಆ ಅರ್ಧ ನಿಮಿಷದಲ್ಲೇ ತಿನ್ನಬೇಕು. ಹಾಗಾಗಿ ಇಲ್ಲಿ ಮಾತಿಲ್ಲ.

ಬಂಗುಡೆ ಫ್ರೈ ತಿನ್ನಲಿಲ್ಲ. ಅವರ ಕಾವಲಿಯಲ್ಲಿ ರವೆ ಫ್ರೈ ಆಗುತ್ತಿತ್ತು. ನಮ್ಮದು ಕಾರಿನಲ್ಲಿದೆ, ತಂದುಕೊಡಲಾ ಅಂತ ಇವರು ಕೇಳಿದರು. ಬೇಡ ಅಂದೆ. ಕಾವಲಿ ತಂದ ಮೇಲೂ ನಾಚಿಕೆ ನೋಡಿ ನನಗೆ.

ಮೂರನೇ ದಿನ, ಕೊನೆಗೂ ಕಾವಲಿ ಹೊರಗೆ ಬಂತು. ಹೋಂಸ್ಟೇ ಅಮ್ಮ ಹಿಂದಿನ ರಾತ್ರಿಯೇ ಅಕ್ಕಿ ನೆನೆಸಿದ್ದರು. ಅವರ ಕಾವಲಿಯಲ್ಲಿ ಬೇರೆ ಅತಿಥಿಗಳಿಗೆ ಚಪಾತಿ ಆಗುತ್ತದೆ, ಹಾಗಾಗಿ ನನ್ನದೇ ಇಟ್ಟರು. ಮೊದಲ ದೋಸೆ ಹಿಡಿದುಕೊಂಡಿತು. ಎರಡನೆಯದೂ ಹಿಡಿಯಿತು. ಸಟ್ಟುಗದಲ್ಲಿ ಕೆರೆದು ಅಮ್ಮ ಕಾವಲಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಇದಕ್ಕೆ ನೀವು ಎಣ್ಣೆಯೇ ತೋರಿಸಲಿಲ್ಲವಾ ಮಾರಾಯ್ರೆ?" ಈರುಳ್ಳಿ ಅರ್ಧ ಕತ್ತರಿಸಿ, ಫೋರ್ಕಿಗೆ ಚುಚ್ಚಿ, ತೆಂಗಿನೆಣ್ಣೆಯಲ್ಲಿ ಅದ್ದಿ ಉಜ್ಜಿದರು. ಹೊಗೆ ಎದ್ದಿತು. ಮತ್ತೆ ಉಜ್ಜಿದರು. ಐದನೇ ದೋಸೆ ನೋಡಿ, ಕರವಸ್ತ್ರದ ಹಾಗೆ ಮಡಚಿಕೊಂಡು ಎದ್ದು ಬಂತು. ಕಾಯಿತುರಿ, ಬೆಲ್ಲ. ಎಷ್ಟು ತಿಂದೆ ಅಂತ ಹೇಳಲ್ಲ, ಆ ಭಾಗ ಕತ್ತರಿಸಿದ್ದೇನೆ.

ದ್ವೀಪ. ಗಾಳಿ ಸದ್ದು ಜಾಸ್ತಿ, ಅದಕ್ಕೇ ಇಲ್ಲಿ ನನ್ನ ದನಿ ಹಾಕಿದ್ದೇನೆ. ಈ ಕಂಬ ಕಂಬದ ಕಲ್ಲುಗಳು ಯಾರೂ ಕೆತ್ತಿದ್ದಲ್ಲ. ಲಾವಾ ಆರುವಾಗ ಹೀಗೆ ಬಿರಿದಿದ್ದು. ಸುಮಾರು 8.8 ಕೋಟಿ ವರ್ಷದ ಹಿಂದೆ, ನಮ್ಮ ನೆಲವೂ ಮಡಗಾಸ್ಕರ್ ಕೂಡ ಬೇರೆಬೇರೆ ಆಗುವ ಕಾಲದ್ದು. ಮೊದಲು ಹೇಗಿತ್ತೋ, ಈಗ ತುಂಬಾ ಸೆಲ್ಫಿ. ಇವರು ಬನ್ಸ್ ತಂದಿದ್ದಾರೆ, ಗಾಳಿಗೆ ಪುಡಿ ನನ್ನ ಕಡೆಗೇ ಬರುತ್ತಿದೆ. ದೂರ ಕೂತಿದ್ದೇನೆ, ಕಾಣಿಸುತ್ತಿದೆಯಾ? ಆ ಸಣ್ಣ ಚುಕ್ಕೆ ನಾನೇ. ಕೈ ಬೀಸುತ್ತಿಲ್ಲ, ದೂರ ಹೋಗಿ ಅಂತ ಹೇಳುತ್ತಿದ್ದೇನೆ.

ವಾಪಸ್ ಬರುವಾಗ ಶಿರಾಡಿ ಘಾಟಿನಲ್ಲಿ ನೆನಪಾಯಿತು. ಬ್ಯಾಗಿನಲ್ಲಿ ಟವೆಲ್ ಇದೆ, ಕಾವಲಿ ಇಲ್ಲ. ಸಿಗ್ನಲ್ ಸಿಕ್ಕಿದ ಕೂಡಲೇ ಅಮ್ಮನಿಗೆ ಫೋನ್ ಮಾಡಿದೆ. "ಇಲ್ಲೇ ಉಂಟು, ಎಲ್ಲಿಗೂ ಹೋಗುವುದಿಲ್ಲ" ಅಂದರು. "ಈಗ ಒಳ್ಳೆ ಪಳಗಿದೆ. ಮಧ್ಯಾಹ್ನ ಅದರಲ್ಲೇ ಇಪ್ಪತ್ತು ಚಪಾತಿ ಮಾಡಿದೆ, ಒಂದೂ ಹಿಡಿಯಲಿಲ್ಲ."